ಅಧ್ಯಕ್ಷರು ಸಾಲಿನ ಕೊನೆಗೆ ಹೋದದ್ದು

ಕೊರೊನಾ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ಮರುವರ್ಷ ನಾನು ಹಿರಿಯೂರಿನಲ್ಲಿ ಇಂಗ್ಲಿಷ್ ವಿಷಯದ ಬಿ.ಆರ್.ಪಿ. ಆಗಿದ್ದೆ. ಬ್ಲಾಕ್ ರಿಸೋರ್ಸ್ ಪರ್ಸನ್ ಎಂಬುದು ಅದರ ಪೂರ್ಣರೂಪ. ತಾಲ್ಲೂಕಿನ ಶಾಲೆಗಳಿಗೆ ಹೋಗಿ, ಪಾಠ ನೋಡಿ, ಶಿಕ್ಷಕರಿಗೆ ಸಲಹೆ ಕೊಟ್ಟು ಬರುವ ಕೆಲಸ. ಅದಕ್ಕೆ ಮೊದಲು ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಶಾಲೆಗಳಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿದ್ದೆ. ಇಷ್ಟು ವರ್ಷಗಳಲ್ಲಿ ನನ್ನನ್ನು ಹೆದರಿಸಿದ ಪಾಠವೊಂದೇ. ಅದು ನಾನು ಮಾಡಿದ ಪಾಠವಲ್ಲ, ನಿಂತು ನೋಡಿದ ಪಾಠ. ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಹರಿಯಬ್ಬೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ. ಅಲ್ಲಿ ಎಂಟನೇ ತರಗತಿವರೆಗಿನ ಸರ್ಕಾರಿ ಶಾಲೆಯಿದೆ. ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿಯಿದ್ದುದರಿಂದ ಕವಿತಾ ಎಂಬ ಅತಿಥಿ ಶಿಕ್ಷಕಿಯನ್ನು ತೆಗೆದುಕೊಂಡಿದ್ದರು. ಅತಿಥಿ ಶಿಕ್ಷಕಿಯೆಂದರೆ ಕಾಯಂ ಅಲ್ಲದವರು. ಇರಲಿ ಎಂದರೆ ಇರಬೇಕು, ಬೇಡ ಎಂದರೆ ಹೊರಡಬೇಕು. ಹಿರೇಗುಂಟನೂರಿನ ಹೆಣ್ಣುಮಗಳು. ಹಿರಿಯೂರಿನಲ್ಲಿ ಒಂದು ಕೋಣೆ ಹಿಡಿದುಕೊಂಡು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು.

ಆಕೆಯ ಮೇಲೆ ದೂರು ಬಂತು. ಕೊಟ್ಟವರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ರಂಗಪ್ಪನವರು. ಪೋಷಕರೇ ಇರುವ ಈ ಸಮಿತಿ ಬೇಡ ಎಂದರೆ ಅತಿಥಿ ಶಿಕ್ಷಕರು ಉಳಿಯುವುದು ಕಷ್ಟ. ದೂರಿನ ಸಾರ ಇಷ್ಟು: ಈ ಮೇಡಂ ಬೋರ್ಡಿನ ಮೇಲೆ ಬರೆಸುವುದಿಲ್ಲ, ಮಕ್ಕಳ ಕೊರಳಿಗೆ ರಟ್ಟು ಕಟ್ಟಿ ತರಗತಿಯ ತುಂಬ ಓಡಾಡಿಸುತ್ತಾರೆ. ದಸರಾ ರಜೆಗೆ ಮೊದಲು ಪೋಷಕರ ಸಭೆ ಕರೆದು, ಆಕೆಯನ್ನು ಮುಂದುವರಿಸಬೇಕೋ ಬೇಡವೋ ತೀರ್ಮಾನಿಸುವುದೆಂದಾಯಿತು. ವಿಷಯ ಬಲ್ಲವನೊಬ್ಬ ಇರಲಿ ಎಂದು ನನ್ನನ್ನು ಕಳಿಸಿದರು.

ಸಭೆಗೆ ಮೊದಲು ಕವಿತಾ ನನ್ನ ಬಳಿ ಬಂದು ಹೇಳಿದ್ದು ಒಂದೇ ಮಾತು. "ಇದು ಹೋದ್ರೆ ನಾನು ಗಾರ್ಮೆಂಟ್ಸಿಗೆ ಹೋಗೋದೇ ಸರ್. ನಮ್ಮತ್ತೆ ಆಗ್ಲೇ ಅಲ್ಲಿ ಮಾತಾಡಿಟ್ಟಾರೆ."

ಇನ್ನೊಂದು ವಿಷಯವನ್ನು ಮುಖ್ಯ ಶಿಕ್ಷಕ ತಿಪ್ಪೇಸ್ವಾಮಿ ನನಗೆ ಪಿಸುಮಾತಿನಲ್ಲಿ ತಿಳಿಸಿದರು. ರಂಗಪ್ಪನವರಿಗೂ ಹಿಂದಿನ ಅಧ್ಯಕ್ಷ ಚಿತ್ರಲಿಂಗಪ್ಪನವರಿಗೂ ಆಗದು. ಚಿತ್ರಲಿಂಗಪ್ಪ ಬೇರೆಯವರಲ್ಲ, ರಂಗಪ್ಪನವರ ಹೆಂಡತಿಯ ತಮ್ಮ. ಊರಿನ ಒಂದು ಮದುವೆಯಲ್ಲಿ ಮೊದಲ ತಾಂಬೂಲ ಯಾರ ಕೈಗೆ ಹೋಗಬೇಕೆಂಬ ಮಾತಿನಲ್ಲಿ ಇಬ್ಬರೂ ತಾಂಬೂಲ ಬಿಟ್ಟು ಎದ್ದುಹೋಗಿದ್ದರಂತೆ. ಅಂದಿನಿಂದ ಶಾಲೆಯ ಸಭೆಗಳಲ್ಲಿ ಇಬ್ಬರಿಗೂ ಒಂದೇ ಬಣ್ಣದ ಕುರ್ಚಿ, ಒಂದೇ ಗೆರೆಯಲ್ಲಿ. ಟೀ ಕೊಡುವಾಗ ತಿಪ್ಪೇಸ್ವಾಮಿ ಒಂದೇ ತಟ್ಟೆಯಲ್ಲಿ ಎರಡು ಲೋಟ ಇಟ್ಟು ಇಬ್ಬರ ನಡುವೆ ಹಿಡಿದು ನಿಲ್ಲುತ್ತಿದ್ದರು. "ಯಾರು ಮೊದ್ಲು ತಗಂಡ್ರು ಅಂತ ನಾನು ನೋಡಾದೇ ಇಲ್ಲ ಸಾರ್, ಕಣ್ಣು ಮುಚ್ಕಂತೀನಿ" ಎಂದರು. ತಮಾಷೆ ಎಂದುಕೊಂಡೆ. ಟೀ ಬಂದಾಗ ಅವರು ನಿಜವಾಗಿಯೂ ಕಣ್ಣು ಮುಚ್ಚಿದ್ದನ್ನು ನೋಡಿದೆ.

ಈ ಸಂಗತಿ ಕವಿತಾ ಅವರಿಗೆ ಗೊತ್ತಿರಲಿಲ್ಲ. ಹೊರ ಊರಿನವರಿಗೆ ಇಂಥದ್ದನ್ನು ಯಾರೂ ಹೇಳುವುದಿಲ್ಲ.

ಸಭೆ ಎಂಟನೇ ತರಗತಿಯ ಕೋಣೆಯಲ್ಲಿ ಸೇರಿತು. ನಾನು ಕಿಟಕಿಯ ಪಕ್ಕ ನಿಂತಿದ್ದೆ. ರಂಗಪ್ಪನವರು ದೂರನ್ನು ಬಾಯಿಮಾತಿನಲ್ಲಿ ಮತ್ತೊಮ್ಮೆ ಹೇಳಿದರು. ಕವಿತಾ ಎದ್ದು, "ಮಕ್ಕಳಿಂದ ಮಾಡಿಸಿ ತೋರಿಸ್ತೀನಿ, ನೀವೇ ನೋಡ್ರಿ" ಎಂದರು.

"ಮಕ್ಕಳಿಗೆ ಬಾಯಿಪಾಠ ಮಾಡ್ಸಿರ್ತೀರ ಬಿಡ್ರಿ" ಎಂದರು ರಂಗಪ್ಪ.

ಬಿಸಿಯೂಟದ ಮುಖ್ಯ ಅಡುಗೆಯವರಾದ ಗೌರಮ್ಮ ಬಾಗಿಲಲ್ಲಿ ನಿಂತಿದ್ದರು. "ಹಂಗಾದ್ರೆ ದೊಡ್ಡೋರೇ ನಿಂತ್ಕಳ್ರಿ. ನಿಮ್ಗೇನು ಯಾರೂ ಬಾಯಿಪಾಠ ಮಾಡ್ಸಿಲ್ವಲ್ಲ" ಎಂದರು. ಎಲ್ಲರೂ ನಕ್ಕರು, ಒಪ್ಪಿದರು. ತೊಂದರೆ ಶುರುವಾದದ್ದು ಇಲ್ಲಿಂದ.

ಅಂದಿನ ಪಾಠ ವರ್ತಮಾನ ಕಾಲದ ಆ್ಯಕ್ಟಿವ್ ಮತ್ತು ಪ್ಯಾಸಿವ್ ವಾಯ್ಸ್. ಕನ್ನಡದಲ್ಲಿ ಕರ್ತರಿ, ಕರ್ಮಣಿ ಪ್ರಯೋಗ ಎನ್ನುತ್ತೇವೆ. ಆ್ಯಕ್ಟಿವ್‌ನಲ್ಲಿ ಕೆಲಸ ಮಾಡುವವನು ವಾಕ್ಯದ ಮುಂದೆ ನಿಲ್ಲುತ್ತಾನೆ. ಪ್ಯಾಸಿವ್‌ನಲ್ಲಿ ಆ ಕೆಲಸ ಯಾರ ಮೇಲೆ ನಡೆಯುತ್ತದೋ ಅವನು ಮುಂದಕ್ಕೆ ಬರುತ್ತಾನೆ, ಮಾಡುವವನು 'ಬೈ' ಎಂಬ ಪದದ ಹಿಂದೆ ಕೊನೆಗೆ ಹೋಗುತ್ತಾನೆ. ಕವಿತಾ ಅವರ ವಿಧಾನದಲ್ಲಿ ಒಬ್ಬೊಬ್ಬರೂ ಒಂದೊಂದು ಪದ. ಪದ ಬರೆದ ರಟ್ಟನ್ನು ಕೊರಳಿಗೆ ಹಾಕಿಕೊಂಡು ಸಾಲಾಗಿ ನಿಂತರೆ ವಾಕ್ಯ. ವಾಕ್ಯ ಬದಲಾದರೆ ಜಾಗ ಬದಲಿಸಬೇಕು.

ಆಕೆ ಮುಂದಿನ ಎರಡು ಕುರ್ಚಿಗಳ ಕಡೆ ನೋಡಿ, "ನೀವಿಬ್ರೂ ಬರ್ರಿ ಸರ್" ಎಂದರು. ತಿಪ್ಪೇಸ್ವಾಮಿ ಹಿಂದಿನಿಂದ ಬೇಡವೆಂದು ಹುಬ್ಬು ಹಾರಿಸಿದರು. ಪ್ರೋತ್ಸಾಹವೆಂದು ತಿಳಿದು ಕವಿತಾ ಇನ್ನಷ್ಟು ಹುರುಪಿನಿಂದ ಇಬ್ಬರ ಹೆಸರನ್ನೂ ರಟ್ಟಿನ ಮೇಲೆ ಬರೆದರು. ಮೊದಲು ರಂಗಪ್ಪ, ನಡುವೆ 'ಇನ್ವೈಟ್ಸ್' ಎಂಬ ರಟ್ಟು ಹಿಡಿದ ಒಬ್ಬ ಪೋಷಕರು, ಕೊನೆಗೆ ಚಿತ್ರಲಿಂಗಪ್ಪ. 'ರಂಗಪ್ಪ ಇನ್ವೈಟ್ಸ್ ಚಿತ್ರಲಿಂಗಪ್ಪ.' ರಂಗಪ್ಪ ಚಿತ್ರಲಿಂಗಪ್ಪನನ್ನು ಆಹ್ವಾನಿಸುತ್ತಾನೆ. ಇದು ಸಿಂಪಲ್ ಪ್ರೆಸೆಂಟ್, ಸಾಮಾನ್ಯ ವರ್ತಮಾನ.

"ಇದು ಇಂಗ್ಲಿಷಿನಾಗೆ ಮಾತ್ರ" ಎಂದರು ಚಿತ್ರಲಿಂಗಪ್ಪ, ಗೋಡೆಗೆ ಹೇಳುವಂತೆ. "ಕನ್ನಡದಾಗೆ ನಮ್ ಭಾವ ನನ್ನ ಕರೆದು ವರ್ಷ ಆತು."

ಮೊದಲ ಜಾಗದಲ್ಲಿದ್ದ ರಂಗಪ್ಪ ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡು ಗಂಭೀರವಾಗಿ ನಿಂತಿದ್ದರು.

"ಈಗ ಪ್ಯಾಸಿವ್" ಎಂದರು ಕವಿತಾ. ಒಬ್ಬ ತಾಯಿಗೆ 'ಈಸ್' ರಟ್ಟು ಕೊಟ್ಟರು. ನಡುವಿನವರ ರಟ್ಟನ್ನು ತಿರುವಿ 'ಇನ್ವೈಟೆಡ್' ಮಾಡಿದರು. 'ಬೈ' ಗೌರಮ್ಮನ ಕೊರಳಿಗೆ ಹೋಯಿತು. "ಚಿತ್ರಲಿಂಗಪ್ಪ ಸರ್, ನೀವು ಮುಂದೆ ಬರ್ರಿ. ರಂಗಪ್ಪ ಸರ್, ನೀವು ಗೌರಮ್ಮನ ಹಿಂದೆ ಹೋಗ್ರಿ."

ಚಿತ್ರಲಿಂಗಪ್ಪ ಮುಂದೆ ಬಂದ ವೇಗವನ್ನು ನಾನು ಮರೆತಿಲ್ಲ. ರಂಗಪ್ಪ ಮಾತ್ರ ಅಲುಗಲಿಲ್ಲ. ಭಾವ, ಭಾವಮೈದ ಇಬ್ಬರೂ ಒಂದೇ ಜಾಗದಲ್ಲಿ ಎದೆಗೆ ಎದೆ ತಾಗಿಸಿ ನಿಂತರು. ಕೋಣೆಯಲ್ಲಿ ನಗು ನಿಂತಿತು.

"ನಾನ್ಯಾಕಮ್ಮ ಹಿಂದಕ್ಕೆ ಹೋಗ್ಲಿ? ಕರೆಯೋನು ನಾನು" ಎಂದರು ರಂಗಪ್ಪ.

"ನಿಯಮ ಹಂಗೈತಂತಲ್ಲ ಭಾವ, ಜರುಗು" ಎಂದರು ಚಿತ್ರಲಿಂಗಪ್ಪ.

"ಲೇ ಲಿಂಗ, ನಿನ್ನ ಕೇಳ್ಲಿಲ್ಲ." ರಂಗಪ್ಪ ನನ್ನ ಕಡೆ ತಿರುಗಿದರು. "ಸಾರ್, ನೀವು ಹಿರಿಯೂರಿಂದ ಬಂದಿರೋ ತಿಳಿದೋರು. ನೀವೇ ಹೇಳ್ರಿ. ಕೆಲ್ಸ ಮಾಡೋನು ಹಿಂದೆ, ಸುಮ್ನೆ ನಿಂತೋನು ಮುಂದೆ. ಇದು ಯಾವ ಊರ ನ್ಯಾಯ?"

ಎಲ್ಲರೂ ನನ್ನನ್ನೇ ನೋಡಿದರು. ಮಾರ್ಕರ್ ಪೆನ್ನು ಹಿಡಿದು ನಿಂತಿದ್ದ ಕವಿತಾ ಕೂಡ. ಹಿಂದಕ್ಕೆ ಹೋಗಬೇಕಾಗಿಲ್ಲ ಎಂದರೆ ಆಕೆಯ ಪಾಠ ತಪ್ಪಾಗುತ್ತದೆ. ಹೋಗಬೇಕು ಎಂದರೆ ಆಕೆಯ ಕೆಲಸ ಹೋಗುತ್ತದೆ. ನೀರು ಕುಡಿದೆ. "ವಾಕ್ಯದೊಳಗೆ ಹಿಂದಕ್ಕೆ ಹೋಗಬೇಕಾಗುತ್ತದೆ ಅಧ್ಯಕ್ಷರೇ. ಊರೊಳಗೆ ಬೇಡ" ಎಂದೆ.

ಚೆನ್ನಾಗಿ ಹೇಳಿದೆನೆಂದು ಒಂದು ಕ್ಷಣ ಅಂದುಕೊಂಡೆ. ರಂಗಪ್ಪ ಕೊರಳ ರಟ್ಟನ್ನು ತೆಗೆದು ಮೇಜಿನ ಮೇಲಿಟ್ಟು ಕುರ್ಚಿಗೆ ಹೋಗಿ ಕುಳಿತರು. "ಇಂಥ ಪಾಠ ನಮ್ಮೂರಿಗೆ ಬ್ಯಾಡ. ತೀರ್ಮಾನ ಆತು ಅಂತ ಬರ್ಕಳ್ರಿ" ಎಂದರು.

ಆಗ ಕವಿತಾ ತಗ್ಗಿದ ದನಿಯಲ್ಲಿ, ಆದರೆ ಸ್ಪಷ್ಟವಾಗಿ ಹೇಳಿದರು: "ಆಗ್ಲಿ ಸರ್, ಕುಂತ್ಕಳ್ರಿ. ಪ್ಯಾಸಿವ್‌ನಾಗೆ ಮಾಡಿದೋರ ಹೆಸ್ರು ಹೇಳ್ಲೇಬೇಕು ಅಂತೇನಿಲ್ಲ. ಬಿಟ್ಟರೂ ವಾಕ್ಯ ಪೂರ್ತಿ ಆಗ್ತತಿ. ಆಗ 'ಬೈ' ಕೂಡ ಬ್ಯಾಡ. ಗೌರಮ್ಮ, ನೀವೂ ಕುಂತ್ಕಳ್ರಿ."

"ಅಯ್ಯೋ, ಇವ್ನ ದೆಸೆಯಿಂದ ನಾನೂ ಹೋದ್ನಾ?" ಎಂದರು ಗೌರಮ್ಮ.

ಉಳಿದದ್ದು 'ಚಿತ್ರಲಿಂಗಪ್ಪ ಈಸ್ ಇನ್ವೈಟೆಡ್.' ಚಿತ್ರಲಿಂಗಪ್ಪ ಆಹ್ವಾನಿತನು. ವಾಕ್ಯ ಸರಿಯಾಗಿಯೇ ಇತ್ತು. ಕವಿತಾ ಪಾಠವನ್ನಷ್ಟೇ ಹೇಳಿದರೋ, ಬೇರೇನನ್ನಾದರೂ ಹೇಳಿದರೋ, ಖಚಿತವಾಗಿ ಹೇಳಲಾರೆ. ಮುಂದೆ ಒಮ್ಮೆ ಕೇಳಿದಾಗ ನಕ್ಕುಬಿಟ್ಟರು.

ಅಷ್ಟರಲ್ಲಿ ತಿಪ್ಪೇಸ್ವಾಮಿಯವರಿಗೆ ಒಂದು ಕರ್ತವ್ಯ ನೆನಪಾಯಿತು. ಸಭೆ ನಡೆದ ದಿನವೇ ಫೋಟೊವನ್ನು ಇಲಾಖೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕು. ಏನು ಮುರಿದುಬಿದ್ದರೂ ಫೋಟೊ ತಪ್ಪಬಾರದು. ಅವರು ಮೊಬೈಲ್ ಎತ್ತಿ, "ಚಿತ್ರಲಿಂಗಪ್ಪಾರೇ, ಇತ್ಲಾಗೆ ನೋಡ್ರಿ" ಎಂದರು. ಚಿತ್ರಲಿಂಗಪ್ಪ ಮೀಸೆ ತೀಡಿಕೊಂಡರು.

ರಂಗಪ್ಪನವರ ಮುಖವನ್ನು ನಾನು ಪಕ್ಕದಿಂದ ನೋಡುತ್ತಿದ್ದೆ. ಮೊದಲು ಮೊಬೈಲನ್ನು ನೋಡಿದರು. ಬಳಿಕ ಸಾಲನ್ನು. ಬಳಿಕ ಮೇಜಿನ ಮೇಲೆ ಬಿದ್ದಿದ್ದ ತಮ್ಮ ಹೆಸರನ್ನು.

"ತಡೀರಿ ತಡೀರಿ ಮೇಷ್ಟ್ರೆ!" ಎದ್ದು ರಟ್ಟು ಕೊರಳಿಗೆ ಹಾಕಿಕೊಂಡರು. "ಕರೆದೋನ ಹೆಸ್ರೇ ಇಲ್ದಿದ್ರೆ ಹೆಂಗೆ? ನಾಳೆ ಜನ ಇವ್ನು ಕರೀದೇ ಬಂದೋನು ಅಂತಾರೆ. ಎಷ್ಟಾದ್ರೂ ನಮ್ಮನೆಯೋಳ ತಮ್ಮ." ಹೋಗಿ ಸಾಲಿನ ಕೊನೆಗೆ ನಿಂತರು.

"ಬಾ ರಂಗಣ್ಣ, ಬಾ" ಎಂದು ಗೌರಮ್ಮ ಅವರ ಮುಂದೆ ಬಂದು ನಿಂತರು. "ನೀನು ಬಂದ್ರೇನೇ ನಂಗೂ ಕೆಲ್ಸ."

ಫೋಟೊ ಆಯಿತು. ಅದರಲ್ಲಿ ರಂಗಪ್ಪ ತುದಿಗಾಲಲ್ಲಿ ನಿಂತಿದ್ದರು.

ಕವಿತಾ ಬಿಡಲಿಲ್ಲ. ಪ್ರೆಸೆಂಟ್ ಕಂಟಿನ್ಯುಯಸ್‌ಗೆ, ಅಂದರೆ ಈಗ ನಡೆಯುತ್ತಿರುವ ಕೆಲಸಕ್ಕೆ ಹೋದರು. 'ಚಿತ್ರಲಿಂಗಪ್ಪ ಈಸ್ ಬೀಯಿಂಗ್ ಇನ್ವೈಟೆಡ್ ಬೈ ರಂಗಪ್ಪ.' ಇದಕ್ಕೆ 'ಬೀಯಿಂಗ್' ಎಂಬ ಹೊಸ ರಟ್ಟು ಬೇಕಾಯಿತು. ಹಿಂದಿನ ಬೆಂಚುಗಳಿಂದ ನಾನು ತಾನು ಎಂದು ಕೈಗಳೆದ್ದವು. ಬಳಿಕ ಪ್ರೆಸೆಂಟ್ ಪರ್ಫೆಕ್ಟ್, ಆಗಷ್ಟೇ ಮುಗಿದ ಕೆಲಸ. 'ಹ್ಯಾಸ್ ಬೀನ್ ಇನ್ವೈಟೆಡ್.' ಆ್ಯಕ್ಟಿವ್ ಎಂದಾಗಲೆಲ್ಲ ರಂಗಪ್ಪ ಉತ್ಸಾಹದಿಂದ ಮುಂದಕ್ಕೆ ಬರುತ್ತಿದ್ದರು, ಪ್ಯಾಸಿವ್ ಎಂದಾಗಲೆಲ್ಲ ಗೊಣಗುತ್ತ ಹಿಂದಕ್ಕೆ ಹೋಗುತ್ತಿದ್ದರು. ಎಲ್ಲಿ ನಿಲ್ಲಬೇಕೆಂದು ಆಮೇಲೆ ಯಾರೂ ಅವರಿಗೆ ಹೇಳಬೇಕಾಗಲಿಲ್ಲ.

ಕೊನೆಗೆ ಬಂದದ್ದು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್. ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿರುವ ಕೆಲಸ. 'ರಂಗಪ್ಪ ಹ್ಯಾಸ್ ಬೀನ್ ಇನ್ವೈಟಿಂಗ್ ಚಿತ್ರಲಿಂಗಪ್ಪ.' ವಾಕ್ಯ ನಿಂತಿತು. ರಂಗಪ್ಪ ಅಭ್ಯಾಸಬಲದಿಂದ ಹಿಂದಕ್ಕೆ ಹೊರಟರು.

"ಬ್ಯಾಡ ಸರ್, ಅಲ್ಲೇ ಇರ್ರಿ" ಎಂದರು ಕವಿತಾ. "ಇದಕ್ಕೆ ಪ್ಯಾಸಿವ್ ಬಳಕೆಯಲ್ಲಿಲ್ಲ. ಈ ವಾಕ್ಯದಾಗೆ ಯಾರೂ ಜಾಗ ಬದಲಿಸಂಗಿಲ್ಲ."

ರಂಗಪ್ಪ ನಿಂತರು. ಆಮೇಲೆ ಅವರು ಹೇಳಿದ ಮಾತಿಗೆ ಕೋಣೆಯ ಹೆಂಚು ಹಾರಿಹೋಗುವಂತೆ ಜನ ನಕ್ಕರು.

"ಅಲ್ರೀ ಮೇಡಂ, ಇಂಥದ್ದೊಂದು ಐತಿ ಅಂತ ಮೊದ್ಲೇ ಹೇಳಿದ್ರೆ ಇದ್ರಾಗೇ ನಿಂತ್ಕಂತಿದ್ನಲ್ರೀ! ಸಿಂಪಲ್ಲು, ಕಂಟಿನ್ಯೂಸು, ಪರ್ಫೆಕ್ಟು, ಮೂರ್ರಾಗೂ ನನ್ನ ಹಿಂದಕ್ಕೆ ಕಳ್ಸಿ, ಈಗ ಹೇಳ್ತೀರಲ್ಲ!"

ಚಿತ್ರಲಿಂಗಪ್ಪನವರೇ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತುಬಿಟ್ಟರು. "ಭಾವ, ಪಾಸಾದೆ ಕಣಯ್ಯ ನೀನು" ಎಂದರು.

ರಂಗಪ್ಪನವರಿಗೂ ಆಗ ಗೊತ್ತಾಯಿತು. ಯಾವ ಕಾಲದಲ್ಲಿ ಜಾಗ ಬದಲಾಗುತ್ತದೆ, ಯಾವುದರಲ್ಲಿ ಆಗುವುದಿಲ್ಲ ಎಂಬುದನ್ನು ತಾವೇ, ತಮ್ಮ ಬಾಯಿಂದಲೇ, ದೂರು ಕೇಳಲು ಸೇರಿದ್ದ ಸಭೆಯ ಮುಂದೆ ಹೇಳಿಬಿಟ್ಟಾಗಿತ್ತು. ಅವರು ರಟ್ಟು ತೆಗೆದು ಕವಿತಾ ಅವರ ಕೈಗೆ ಕೊಟ್ಟರು. "ಮೇಡಂ ಇರ್ಲಿ" ಎಂದು ತಿಪ್ಪೇಸ್ವಾಮಿಯವರಿಗೆ ಹೇಳಿದರು. "ರಜೆ ಮುಗಿದ್ಮೇಲೂ ಬರ್ಲಿ. ಆದ್ರೆ ಮೇಡಂ, ಇನ್ನೊಂದು ಸಲ ನನ್ನ ಹೆಸ್ರು ಹಾಕೋದಾದ್ರೆ ಕೇಳಿ ಹಾಕ್ರಿ."

ನಾನು ಹಿರಿಯೂರಿಗೆ ಮರಳುವ ಬಸ್ಸು ಹತ್ತಿದೆ. ಪಕ್ಕದಲ್ಲಿ ಕವಿತಾ ಮಾರ್ಕರ್ ಹತ್ತಿದ ಬೆರಳುಗಳನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತ ಕುಳಿತಿದ್ದರು. ಅತ್ತೆಗೆ ಫೋನ್ ಮಾಡಿ, "ಗಾರ್ಮೆಂಟ್ಸಿನೋರಿಗೆ ಇಲ್ಲ ಅಂತ ಹೇಳ್ಬಿಡ್ರಿ ಅತ್ತೆ" ಎಂದರು. ಅಷ್ಟೇ ಮಾತು. ಆಮೇಲೆ ಸೀಟಿಗೆ ಒರಗಿ ಹಿರಿಯೂರು ಬರುವವರೆಗೂ ನಿದ್ದೆ ಮಾಡಿದರು.

ಶಿಕ್ಷಕರ ಬದುಕಿನಲ್ಲಿ ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ "ಅರ್ಥ ಆಯ್ತಾ?" ಅದಕ್ಕೆ ತರಗತಿ ಒಕ್ಕೊರಲಿನಿಂದ ಕೊಡುವ ಉತ್ತರವನ್ನು ನಂಬಬಾರದೆಂದು ಎಲ್ಲರಿಗೂ ಗೊತ್ತು. ಹಾಗಾದರೆ ಯಾವುದನ್ನು ನಂಬಬೇಕು ಎಂಬುದು ನನಗೆ ತಿಳಿದದ್ದು ಆ ದಿನ. ಆಮೇಲೆ ತರಬೇತಿಗಳಲ್ಲಿ ಶಿಕ್ಷಕರಿಗೆ ಇದನ್ನೇ ಹೇಳುತ್ತ ಬಂದೆ: ನಿಯಮವನ್ನು ಒಪ್ಪಿಸಿದವನಿಗೆ ಅದು ಬಾಯಿಗೆ ಬಂದಿರಬಹುದು. ಅದರಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕಿದವನಿಗೆ ಮಾತ್ರ ಅದು ತಲೆಗೆ ಹೋಗಿದೆ.