ಬೋಗುಣಿಯೊಳಗಿನ ಗುಳಿ

ಐಮಂಗಲದ ರೇವಣಸಿದ್ದಪ್ಪನವರ ಮನೆಯಲ್ಲಿ ಆಲೂಗಡ್ಡೆ ಮೊಸರುಬಜ್ಜಿ ಮಾಡುವುದಕ್ಕೆ ಇದ್ದಷ್ಟು ಕಟ್ಟಳೆ ಹೆಣ್ಣು ನೋಡುವುದಕ್ಕೂ ಇರಲಿಲ್ಲ. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಬೇಕು. ಸುಲಿದ ಮೇಲೆ ಈಳಿಗೆಗೆ ತೋರಿಸಕೂಡದು, ಅಂಗೈಯಲ್ಲಿಟ್ಟು ಹಿಸುಕಬೇಕು, ಅದೂ ಅಲ್ಲೊಂದು ಇಲ್ಲೊಂದು ಚೂರು ಬಾಯಿಗೆ ಸಿಗುವ ಹಾಗೆ. ಹಸಿಮೆಣಸಿನಕಾಯಿ, ಉಪ್ಪು ಒರಳಲ್ಲಿ ಕುಟ್ಟಿ, ಹುರಿದ ಕಡಲೆಕಾಯಿ ಬೀಜವನ್ನು ತರಿತರಿಯಾಗಿ ಪುಡಿ ಮಾಡಿ, ನಿಂಬೆಹಣ್ಣು ಹಿಂಡಿ, ಹುಳಿ ಮೊಸರಿನಲ್ಲಿ ಹಿಂದಿನ ಸಂಜೆಯೇ ಕಲಸಿಡಬೇಕು. ಇಷ್ಟೂ ಕೆಲಸ ಮನೆಯ ಹಿರಿಯಳು ಕೊಟ್ರಮ್ಮ ತವರಿನಿಂದ ತಂದ ಹಿತ್ತಾಳೆ ಬೋಗುಣಿಯಲ್ಲೇ ಆಗಬೇಕಿತ್ತು. ಬೇರೆ ಪಾತ್ರೆ ಅಂದರೆ ಆಯಮ್ಮ ಮುಖ ಗಂಟು ಹಾಕಿಕೊಳ್ಳುತ್ತಿದ್ದಳು.

ಸೊಸೆ ಶಿವಗಂಗಮ್ಮ ಹೊಳಲ್ಕೆರೆಯವಳು. ಅವಳ ತವರಿನಲ್ಲಿ ಆಲೂಗಡ್ಡೆಯನ್ನು ಚೌಕ ಚೌಕ ಹೆಚ್ಚಿ, ಹುಚ್ಚೆಳ್ಳು ಪುಡಿ ಉದುರಿಸಿ, ಚೂರು ಬೆಲ್ಲ ಹಾಕಿ, ಎಲ್ಲರೂ ಊಟಕ್ಕೆ ಕೂತ ಮೇಲೆ ಮಣ್ಣಿನ ಕುಡಿಕೆಯಿಂದ ಮೊಸರು ಸುರಿಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಈ ಮಾತು ಬಾಯಿ ತಪ್ಪಿ ಆಡಿದಳು.

"ಬೆಲ್ಲಾನಾ?" ಎಂದು ಕೊಟ್ರಮ್ಮ ನಕ್ಕಿದ್ದಳು. "ಅದು ಬಜ್ಜಿ ಅಲ್ಲವ್ವ, ಕರ ಹಾಕಿದ ಎಮ್ಮೆಗೆ ಇಡೋದು."

ಅಲ್ಲಿಗೆ ಹೊಳಲ್ಕೆರೆಯ ಬಜ್ಜಿಯ ಕತೆ ಮುಗಿಯಿತು. ಶಿವಗಂಗಮ್ಮನಿಗೆ ಹುಚ್ಚೆಳ್ಳಿನ ಆಸೆ ಮಾತ್ರ ಹೊಟ್ಟೆಯಲ್ಲೇ ಉಳಿಯಿತು. ಗಂಡನ ಮನೆಯ ಬಜ್ಜಿಯಾದರೂ ಅವಳ ನಾಲಿಗೆಗೆ ಸಿಕ್ಕಿತೇ ಅಂದರೆ, ಅದೂ ಇಲ್ಲ. ಆ ಬಜ್ಜಿಯನ್ನು ವರ್ಷಕ್ಕೊಮ್ಮೆ, ಹಿರಿಯರ ಹಬ್ಬಕ್ಕೆ ಮಾತ್ರ ಮಾಡುತ್ತಿದ್ದರು. ತೀರಿಹೋದ ಮಾವ ರೇವಣಸಿದ್ದಪ್ಪನವರಿಗೆ ಅದು ಪ್ರಾಣ ಎಂದು ಕೊಟ್ರಮ್ಮ ಹೇಳುತ್ತಿದ್ದಳು. ಅವರ ಪಟದ ಮುಂದೆ ಎಡೆ ಇಡುವ ತನಕ ಯಾರೂ ಉಪ್ಪು ನೋಡುವುದಕ್ಕೂ ಬೆರಳು ಅದ್ದುವಂತಿರಲಿಲ್ಲ. ಎಡೆಯಾದ ಮೇಲೆ ಗಂಡಸರು, ನೆಂಟರು, ಹೊಲದ ಆಳುಗಳು ಉಣ್ಣುತ್ತಿದ್ದರು. ಹೆಂಗಸರು ಎಲೆ ಹಾಕಿಕೊಳ್ಳುವ ಹೊತ್ತಿಗೆ ಬೋಗುಣಿಯನ್ನು ಯಾರೋ ಬಳಿದು ಮಗುಚಿಟ್ಟಿರುತ್ತಿದ್ದರು.

ಆ ಬಜ್ಜಿಗೆ ಇನ್ನೊಂದು ಖ್ಯಾತಿಯೂ ಇತ್ತು. ಸಂಜೆ ನುಣ್ಣಗೆ ಸವರಿ ಮುಚ್ಚಿಟ್ಟ ಬೋಗುಣಿಯ ಮುಚ್ಚಳ ಬೆಳಿಗ್ಗೆ ತೆಗೆದರೆ ನಟ್ಟನಡುವೆ ಒಂದು ಗುಳಿ ಬಿದ್ದಿರುತ್ತಿತ್ತು. ಅಡುಗೆಮನೆಯ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇರುತ್ತಿತ್ತು.

"ಬಂದಿದ್ರು ಕಣಪ್ಪ, ನಿಮ್ಮಪ್ಪಾರು ಬಂದು ಒಂದು ತುತ್ತು ಉಂಡು ಹೋಗ್ಯಾರೆ," ಎಂದು ಕೊಟ್ರಮ್ಮ ಮಗ ಮುರುಗೇಶಪ್ಪನನ್ನು ಕರೆದು ತೋರಿಸುತ್ತಿದ್ದಳು. ಅವನು ವಿಭೂತಿ ಹಚ್ಚಿದ ಹಣೆಗೆ ಕೈ ಮುಟ್ಟಿಸಿ ನಮಸ್ಕರಿಸುತ್ತಿದ್ದ. ಶಿವಗಂಗಮ್ಮನಿಗೆ ಮಾತ್ರ ಆ ಗುಳಿ ಕಂಡರೆ ಬೆನ್ನು ತಣ್ಣಗಾಗುತ್ತಿತ್ತು.

ಎಪ್ಪತ್ತಾರನೇ ಇಸವಿಯ ಹಿರಿಯರ ಹಬ್ಬ ಹತ್ತಿರ ಬಂದಾಗ ಅವಳಿಗೆ ಬೇರೆಯೇ ಹೆದರಿಕೆ ಹಿಡಿಯಿತು. ಹಿರಿಯೂರಿನಿಂದ ವರ್ಷವರ್ಷ ಬಂದು ಪಾತ್ರೆಗಳಿಗೆ ಕಲಾಯಿ ಹಾಕಿಕೊಡುತ್ತಿದ್ದ ಬುಡೇನ್ ಸಾಬರು ಆ ವರ್ಷ ಬರಲೇ ಇಲ್ಲ. ಸ್ಟೀಲು ಬಂದು ಆ ಕಸುಬು ನೆಲ ಕಚ್ಚಿತ್ತು. ಅಟ್ಟದಿಂದ ಬೋಗುಣಿ ಇಳಿಸಿ ನೋಡಿದರೆ ಒಳಗಿನ ಬಿಳಿ ಕಲಾಯಿ ಸವೆದು ಹಿತ್ತಾಳೆ ಹಳದಿಯಾಗಿ ಹಲ್ಲು ಕಿರಿಯುತ್ತಿತ್ತು. ಹುಳಿ ಬಿದ್ದರೆ ಹಿತ್ತಾಳೆ ಕಿಲುಬು ಬಿಡುತ್ತದೆ, ಕಿಲುಬು ಹತ್ತಿದ ಮೊಸರು ವಿಷವೇ ಸರಿ. ಹೊಳಲ್ಕೆರೆಯಲ್ಲಿ ಅಂಥ ಮಜ್ಜಿಗೆ ಕುಡಿದು ಒಂದು ಮದುವೆಮನೆಯ ಪಂಕ್ತಿಯೇ ವಾಂತಿ ಮಾಡಿಕೊಂಡದ್ದನ್ನೂ, ಹಸಿ ಬಾಣಂತಿಯೊಬ್ಬಳು ಉಳಿಯದೇ ಹೋದದ್ದನ್ನೂ ಅವಳು ತಾಯಿಯ ಬಾಯಲ್ಲಿ ಕೇಳಿದ್ದಳು.

"ಅತ್ತೆ, ಕಲಾಯಿ ಪೂರಾ ಹೋಗೈತೆ. ಈ ಸಲ ಮಣ್ಣಿನ ಗಡಿಗೇಲಿ ಕಲಸಾಣ," ಎಂದಳು.

ಕೊಟ್ರಮ್ಮ ಜ್ವರದಿಂದ ಎದ್ದು ಇನ್ನೂ ಸುಧಾರಿಸಿಕೊಂಡಿರಲಿಲ್ಲ. ಮೈ ಇಳಿದುಹೋಗಿತ್ತು, ಬಾಯಿಗೆ ಏನಿಟ್ಟರೂ ರುಚಿಯೇ ಗೊತ್ತಾಗುತ್ತಿರಲಿಲ್ಲ. ಆದರೂ ಗಂಟಲು ಗಟ್ಟಿಯಿತ್ತು. "ಅವರು ಬದುಕಿರೋತನಕ ಇದ್ರಾಗೇ ಉಂಡೋರು. ಸತ್ತೋರಿಗೆ ಗಡಿಗೇಲಿ ಇಡ್ತೀಯಾ? ನಾನು ಹೋದ್ಮೇಲೆ ನನಗೆ ಗಡಿಗೇಲೇ ಇಡೀವಂತೆ, ಹೋಗು."

ಹಬ್ಬದ ಹೊತ್ತಿನಲ್ಲಿ ಆಡಬಾರದ ಮಾತು ಅದು. ಶಿವಗಂಗಮ್ಮ ಗಂಡನ ಹತ್ತಿರ ಹೋಗಿ ಹೇಳಿದಳು. "ಅವ್ವ ಹೆಂಗಂತಾಳೋ ಹಂಗೆ ಮಾಡು, ನಿಮ್ಮಿಬ್ಬರ ಪಂಚಾಯ್ತಿ ನನಗ್ಯಾಕೆ," ಎಂದು ಅವನು ಎತ್ತು ಹೊಡೆದುಕೊಂಡು ಹೊರಟುಹೋದ. ಈ ಗಂಡಸರಿಗೆ ಮಾತ್ರ ಯಾವ ಹೊತ್ತಿಗೂ ಎತ್ತು ತಯಾರಾಗಿರುತ್ತವೆ!

ಆ ಸಂಜೆ ಕೊಟ್ರಮ್ಮ ಆ ನಿತ್ರಾಣದಲ್ಲೇ ಬಜ್ಜಿ ಕಲಸಿ, ಸವರಿ, ಮುಚ್ಚಿಟ್ಟಳು. ಶಿವಗಂಗಮ್ಮನೂ ಸುಮ್ಮನಿರಲಿಲ್ಲ. ಪಕ್ಕದ ಮನೆ ಏಕನಾಥಮ್ಮನ ಹತ್ತಿರ ಮೊಸರು ಕಡ ತಂದಳು, ಇನ್ನೊಂದು ಬೋಗುಣಿಗಾಗುವಷ್ಟು ಆಲೂಗಡ್ಡೆ ಜಾಸ್ತಿ ಬೇಯಿಸಿ ಸೌದೆಯ ಹಿಂದೆ ಬಚ್ಚಿಟ್ಟಳು. ಬೆಳಕು ಹರಿಯುವ ಮುಂಚೆ ಎದ್ದು ಬೋಗುಣಿಯದ್ದನ್ನು ತಿಪ್ಪೆಗೆ ಸುರಿದು, ಹೊಸದನ್ನು ಗಡಿಗೆಯಲ್ಲಿ ಕಲಸಿ, ಎಡೆಗೆ ಕೊಂಚ ಮುಂಚೆ ಬೋಗುಣಿಗೆ ತುಂಬುವುದು ಅವಳ ಲೆಕ್ಕ. ಹಾಗೆ ಮಾಡಿದರೆ ಯಾರ ಮನಸ್ಸೂ ನೋಯುವುದಿಲ್ಲ, ಯಾರ ಹೊಟ್ಟೆಯೂ ಕೆಡುವುದಿಲ್ಲ.

ಕೋಳಿ ಕೂಗುವಾಗ ಎದ್ದು ಮುಚ್ಚಳ ತೆಗೆದಳು. ಬುಡ್ಡಿದೀಪ ಹಿಡಿದು ನೋಡಿದರೆ ಅಂಚಿನ ಸುತ್ತ ಮೊಸರು ತೆಳು ಹಸಿರಿಗೆ ತಿರುಗಿತ್ತು. ನಡುವೆ ಗುಳಿ ಬಿದ್ದಿತ್ತು, ಈ ಸಲ ಎರಡು ಮೂರು ತುತ್ತಿನಷ್ಟು ದೊಡ್ಡ ಗುಳಿ. ಮಾವನವರೇ ತಪ್ಪಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡು ಎಲ್ಲವನ್ನೂ ತಿಪ್ಪೆಗೆ ಸುರಿದು ಮಣ್ಣು ಎಳೆದಳು.

ಹೊಸ ಬಜ್ಜಿ ಗಡಿಗೆಯಲ್ಲಿ ಕಲಸಿದ ಮೇಲೆ, ಅತ್ತೆ ಬೆಳಿಗ್ಗೆಯೇ ಮುಚ್ಚಳ ತೆಗೆದು ಗುಳಿ ಹುಡುಕುತ್ತಾಳೆ ಎಂಬುದು ನೆನಪಾಯಿತು. ಬೋಗುಣಿ ತೊಳೆದು ಆಗಲೇ ತುಂಬಿ ಸವರಿ, ಒಂದು ಗುಳಿ ತಾನೇ ಮಾಡೋಣವೆಂದು ನಾಲ್ಕು ಬೆರಳು ಕೂಡಿಸಿ ಮೊಸರಿಗೆ ಇಳಿಸಿದಳು. ಬೆರಳು ಎತ್ತುವಾಗ ಅವಳ ಕಣ್ಣು ಅಲ್ಲೇ ನೆಟ್ಟಿತು. ಅಳತೆ ದೊಡ್ಡದಿದ್ದರೂ ಸ್ವಲ್ಪ ಹೊತ್ತಿನ ಮುಂಚೆ ಕಂಡ ಗುಳಿಯ ಆಕಾರವೂ ಇದೇ. ಹೆಂಗಸಿನ ಸಣ್ಣ ಬೆರಳುಗಳ ಗುಳಿ. ಮನೆಯಲ್ಲಿದ್ದ ಹೆಂಗಸರು ಇಬ್ಬರೇ.

ಪಡಸಾಲೆಗೆ ಓಡಿ ಬಂದಳು. ಕೊಟ್ರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಬಲಗೈಯ ಉಗುರಿನ ಸಂದಿಯಲ್ಲಿ ಕಡಲೆಕಾಯಿ ತರಿ ಇತ್ತು.

"ಅತ್ತೆ, ಹೊಟ್ಟೇಲಿ ಏನಾದ್ರೂ ಆಗ್ತೈತಾ?"

"ಏನಿಲ್ಲ. ಪಿತ್ತ. ಹೋಗಿ ನೀರು ಕಾಯ್ಸು."

ಶಿವಗಂಗಮ್ಮ ಹೋಗಿ ನೀರು ಕಾಯಲಿಟ್ಟಳು. ಕೇಳುವುದಾದರೂ ಹೇಗೆ? ಹಿರಿಯರ ಎಡೆಯನ್ನು ಇಷ್ಟು ವರ್ಷ ಕದ್ದು ಉಂಡವರು ನೀವೇನಾ ಎಂದು ಅತ್ತೆಯನ್ನು ಕೇಳುವುದುಂಟೇ? ಮನೆತುಂಬ ನೆಂಟರು ಬರುತ್ತಿದ್ದರು. ಬಿಸಿನೀರು ಕುಡಿಸಿದಳು, ಜೀರಿಗೆ ಕಷಾಯ ಕುಡಿಸಿದಳು, ಒಳಗೊಳಗೇ ಶಿವನನ್ನು ಬೇಡಿಕೊಂಡಳು. ಬಾಯಿ ಮಾತ್ರ ಬಿಡಲಿಲ್ಲ. ಆ ಬೆಳಗಿನ ಹೊತ್ತನ್ನು ಅವಳು ಆಮೇಲೆ ಬಾಳೆಲ್ಲ ನೆನೆನೆನೆದು ಸುಟ್ಟುಕೊಂಡಳು.

ಎಡೆ ಇಟ್ಟು ಆರತಿ ಬೆಳಗುವಾಗ ಕೊಟ್ರಮ್ಮ ಪಟದ ಮುಂದೆಯೇ ಕುಸಿದಳು. ಮತ್ತೆ ಮತ್ತೆ ವಾಂತಿಯಾಯಿತು. ಹೆದ್ದಾರಿಯಲ್ಲಿ ಲಾರಿಗೆ ಕೈ ಅಡ್ಡ ಹಾಕಿ ಊರಾಚೆಯ ಆಸ್ಪತ್ರೆಗೆ ಒಯ್ದರು.

"ಏನು ತಿಂದ್ರು? ನಿಜ ಹೇಳ್ರಿ," ಎಂದರು ಡಾಕ್ಟರು.

"ಏನೂ ತಿಂದಿಲ್ಲ ಸಾರ್. ಎಡೆ ಆಗೋತನಕ ನಮ್ಮವ್ವ ನೀರಿಗೂ ಆಸೆ ಪಡೋಳಲ್ಲ," ಎಂದ ಮುರುಗೇಶಪ್ಪ.

ಕೊಟ್ರಮ್ಮ ಕಣ್ಣು ತೆರೆದು ಸೊಸೆಯನ್ನು ನೋಡಿದಳು. ಸೆರಗಿನ ತುದಿ ಹಿಡಿದು ಹತ್ತಿರ ಎಳೆದುಕೊಂಡಳು. ಹೊರಟ ದನಿ ಶಿವಗಂಗಮ್ಮನೊಬ್ಬಳಿಗೇ ಕೇಳುವಷ್ಟಿತ್ತು. "ಕೊನೇ ಪಂಕ್ತಿಗೆ ಉಳೀತಿರ್ಲಿಲ್ಲ ಕಣೆ. ನನಗೂ ಆಸೆ ಇತ್ತು."

ಶಿವಗಂಗಮ್ಮ ಸೆರಗು ಬಿಡಿಸಿಕೊಳ್ಳಲಿಲ್ಲ. ಹಾಗೇ ನಿಂತು ಡಾಕ್ಟರ ಕಡೆ ತಿರುಗಿ ಹೇಳಿದಳು. "ಕಿಲುಬು ಹತ್ತಿದ ಮೊಸರು ತಿಂದಾರೆ ಸ್ವಾಮಿ. ಅವರು ಬ್ಯಾಡ ಬ್ಯಾಡ ಅಂದ್ರು. ಉಪ್ಪು ನೋಡ್ರಿ ಅಂತ ನಾನೇ ಬಲವಂತದಿಂದ ಬಾಯಿಗಿಟ್ಟೆ."

ಮುರುಗೇಶಪ್ಪ ಅಲ್ಲೇ, ಎಲ್ಲರೆದುರಿಗೇ, ಅವಳ ಕೆನ್ನೆಗೆ ಹೊಡೆದ. ಡಾಕ್ಟರು ಔಷಧಿ ಕೊಟ್ಟರು, ಆದರೆ ಜ್ವರ ತಿಂದುಹಾಕಿದ ಮೈ ತಡೆಯಲಿಲ್ಲ. ಮಾರನೆಯ ಸಂಜೆ ಕೊಟ್ರಮ್ಮ ತೀರಿಕೊಂಡಳು. ಎಡೆಗೆ ಮುಂಚೆ ಬಜ್ಜಿ ತಿನ್ನಿಸಿ ಅತ್ತೆಯನ್ನು ಕೊಂದವಳು ಎಂಬ ಮಾತು ಐಮಂಗಲದ ಬಾವಿಕಟ್ಟೆಯಲ್ಲಿ ಹುಟ್ಟಿ, ಯಲ್ಲದಕೆರೆಯ ನೆಂಟರ ಮನೆಗಳಿಗೂ ಹೋಯಿತು. ಶಿವಗಂಗಮ್ಮ ಬೋಗುಣಿಯನ್ನು ತೊಳೆದು ಅಟ್ಟಕ್ಕೆ ಹಾಕಿದಳು. ಗಂಡ ಬೇಕಾದಷ್ಟಕ್ಕೆ ಮಾತ್ರ ಮಾತಾಡುವವನಾದ.

ಮರುವರ್ಷದ ಹಬ್ಬಕ್ಕೆ ಪಟಗಳು ಎರಡಾದವು. ಶಿವಗಂಗಮ್ಮ ಅತ್ತೆಯ ಕಟ್ಟಳೆಯಂತೆಯೇ ಆಲೂಗಡ್ಡೆಯನ್ನು ಅಂಗೈಯಲ್ಲಿ ಹಿಸುಕಿ, ಕಡಲೆಕಾಯಿ ತರಿ ಹಾಕಿ, ಅತ್ತೆಯ ಮಾತಿನಂತೆಯೇ ಮಣ್ಣಿನ ಗಡಿಗೆಯಲ್ಲಿ ಕಲಸಿಟ್ಟಳು. ನಸುಕಿನಲ್ಲಿ ಎದ್ದು, ಬಾಗಿಲು ಮುಂದೆ ಮಾಡಿ, ನಾಲ್ಕು ಬೆರಳಿಂದ ತೆಗೆದು ಬಾಯಿಗಿಟ್ಟುಕೊಂಡಳು. ಆ ಮನೆಗೆ ಬಂದ ಇಷ್ಟು ವರ್ಷಕ್ಕೆ ಅದು ಅವಳಿಗೆ ಮೊದಲ ತುತ್ತು. ಹುಳಿ, ಖಾರ, ನೆನೆದ ಕಡಲೆಕಾಯಿ. ಇಷ್ಟು ರುಚಿ ಇರುತ್ತದೆಂದು ಅವಳು ಎಣಿಸಿರಲಿಲ್ಲ. ಒಲೆಯ ಮುಂದೆ ಕೂತು ಅಳು ಬಂದಷ್ಟೂ ಅತ್ತಳು.

ಬೆಳಿಗ್ಗೆ ಮುರುಗೇಶಪ್ಪ ಮುಚ್ಚಳ ತೆಗೆದು ಗುಳಿ ನೋಡಿ ಎರಡೂ ಕೈ ಮುಗಿದ. ಒಂದು ವರ್ಷದ ಮೇಲೆ ಹೆಂಡತಿಯ ಮುಖ ನೋಡಿ ಮಾತಾಡಿದ.

"ಅವ್ವ ಬಂದಿದ್ಲು. ನಿನ್ನ ತಪ್ಪು ಮನ್ನಿಸಿ ಉಂಡು ಹೋಗ್ಯಾಳೆ ನೋಡು."

"ಹೂಂ ರೀ," ಎಂದಳು ಶಿವಗಂಗಮ್ಮ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ.