ಅತಿಥಿ ಮೀನುಗಳಿಗೆ ಫಿಲ್ಟರ್ ನೀರು

ಹನ್ನೆರಡು ಮೀನುಗಳಲ್ಲಿ ಹತ್ತನ್ನು ನಾನೇ ಕೊಂದೆ. ವಿಷ ಹಾಕಲಿಲ್ಲ. ಉಪವಾಸ ಕೆಡವಲಿಲ್ಲ. ಬೆಕ್ಕಿನ ಬಾಯಿಗೂ ಕೊಡಲಿಲ್ಲ. ನಮ್ಮ ಮನೆಯಲ್ಲಿ ಇರುವುದರಲ್ಲೇ ಒಳ್ಳೆಯ ನೀರು ಹಾಕಿದೆ, ಅಷ್ಟೇ.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. (ಒಂದೆರಡು ಕಡೆ ನನಗೆ ಅನುಕೂಲವಾಗುವಂತೆ ತಿದ್ದುವ ಆಸೆಯಾಯಿತು. ತಿದ್ದಿಲ್ಲ.)

ನನಗೆ ಮೀನು ಸಾಕುವ ಹುಚ್ಚು. ಬಂಗಾರಪೇಟೆಯ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಗಪ್ಪಿಗಳು. ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುವ ಜಾತಿ. ನನ್ನದು ಒಂದು ವರ್ಷದ ಅನುಭವ. ಅದರಲ್ಲೂ ಮೊದಲ ಆರು ತಿಂಗಳು ಮರಿಗಳೆಲ್ಲ ಎಲ್ಲಿ ಮಾಯವಾಗುತ್ತಿವೆ ಎಂದು ಹುಡುಕುವುದರಲ್ಲೇ ಕಳೆದುಹೋಯಿತು. ಹೆತ್ತ ತಾಯಿಯೇ ತಿನ್ನುತ್ತದೆ ಎಂದು ಹೇಳಿಕೊಟ್ಟವರು ರತ್ನಮ್ಮ.

ರತ್ನಮ್ಮ ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಟೈಲರ್. ಬ್ಲೌಸ್ ಹೊಲಿಯುತ್ತಾರೆ. ಮನೆಯ ಹಿಂದೆ ನಾಲ್ಕು ಸಿಮೆಂಟ್ ತೊಟ್ಟಿ, ಅದರ ತುಂಬ ಮಾಲಿ ಮೀನು. ಇವೂ ಮರಿ ಹಾಕುವ ಜಾತಿಯೇ. ಕಪ್ಪು ಮಾಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ರತ್ನಮ್ಮನವರ ಮಾಲಿ ಸಿಗುವುದಿಲ್ಲ. ಮೈಯೆಲ್ಲ ಇದ್ದಿಲು ಕಪ್ಪು, ಬೆನ್ನಿನ ರೆಕ್ಕೆಯ ತುದಿಗೆ ಮಾತ್ರ ಸಣ್ಣ ಹಳದಿ ಗೆರೆ. ಎಂಟು ವರ್ಷ ಆರಿಸಿ ಆರಿಸಿ, ಜೊತೆಗೂಡಿಸಿ ಬರಿಸಿಕೊಂಡ ಗೆರೆ. ಅದಕ್ಕೆ ಅವರಿಟ್ಟ ಹೆಸರು ‘ಬಾರ್ಡರ್’. ಗೆರೆ ಎಲ್ಲಾದರೂ ಅರ್ಧಕ್ಕೆ ನಿಂತಿದ್ದರೆ ಆ ಮೀನು ಪಕ್ಕದ ತೊಟ್ಟಿಗೆ. ಸೀರೆ ಅಂಗಡಿಯಲ್ಲಿ ಡ್ಯಾಮೇಜ್ ಪೀಸ್ ಪಕ್ಕಕ್ಕೆ ತಳ್ಳಿದ ಹಾಗೆ.

ಕಳೆದ ತಿಂಗಳು ಅವರಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ನಾಲ್ಕು ವಾರ ಬಗ್ಗಬಾರದು, ಕಣ್ಣಿಗೆ ನೀರು ಸೋಕಬಾರದು. ಮೀನು ನೋಡುವವರು ಯಾರು?

“ತಂಗಿ ಬತ್ತಾವ್ಳೆ ಸಾರ್, ನನ್ನ ನೋಡ್ಕೊಳ್ಳಾಕೆ. ಅವಳಿಗೆ ಮೀನು ಅಂದ್ರೆ ಸಾರಿಗಾಕೋದೊಂದೇ ಗೊತ್ತು.”

ಹಾಗಾಗಿ ಉಳಿದವನ್ನೆಲ್ಲ ಅಕ್ಕಪಕ್ಕದ ಮನೆಗಳಿಗೆ ಹಂಚಿ, ಬಾರ್ಡರ್ ಸರಿಯಾಗಿರುವ ಹನ್ನೆರಡನ್ನು ನನಗೆ ಕೊಟ್ಟರು. ಎಂಟು ಹೆಣ್ಣು, ನಾಲ್ಕು ಗಂಡು. ಆ ಎಂಟು ವರ್ಷದ ಫಲವೆಲ್ಲ ಇಷ್ಟೇ, ಈಗ ಒಂದು ಪೇಂಟ್ ಬಕೆಟ್‌ನಲ್ಲಿ.

“ಜಾಸ್ತಿ ಏನೂ ಬೇಡ ಸಾರ್. ನಿಮ್ಮನೆ ಬೋರ್ ನೀರೇ ಆಕಿ. ಒಂದಿನ ಇಟ್ಟು ಆಕಿ. ಅಷ್ಟೇ.”

ಈ ಮಾತನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಕೇಳಿಸಲಿಲ್ಲ ಎನ್ನುವ ನೆಪ ನನಗಿಲ್ಲ.

ಭಾನುವಾರ ಮಾರಿಕುಪ್ಪಂನಿಂದ ಬರುವ ಟ್ರೈನ್ ಹತ್ತಿದೆ. ಬಕೆಟ್ ತೊಡೆಯ ಮೇಲೆ. ಎದುರು ಸೀಟಿನ ಅಜ್ಜಿ ತಮಿಳಿನಲ್ಲಿ “ಮೀನಾ? ಕುಳಂಬುಕ್ಕಾ?” ಎಂದು ಕೇಳಿದರು. ಸಾರಿಗಲ್ಲ, ಸಾಕೋಕೆ ಎಂದೆ. ಅಜ್ಜಿ ಬಗ್ಗಿ ನೋಡಿ ಕನ್ನಡಕ್ಕೆ ಬಂದರು. “ಇಷ್ಟೇ ಇಷ್ಟಿದ್ರೆ ಸಾಕದೇ ಇನ್ನೇನ್ ಮಾಡ್ತೀಯಪ್ಪ, ನಾಲಿಗೆಗೂ ಅಂಟಲ್ಲ.” ಬೋಗಿಯೇ ನಕ್ಕಿತು. ನಾನೂ ನಕ್ಕೆ.

ಮನೆಗೆ ಬಂದೆ. ಇನ್ನೊಂದು ಗಾಜಿನ ತೊಟ್ಟಿ ತೊಳೆದು ಇಟ್ಟಿದ್ದೆ. ನಮ್ಮ ಕಡೆಯ ಬೋರ್ ನೀರು ಒಳ್ಳೆಯದಲ್ಲ ಎಂದೇ ಎಲ್ಲರ ಮಾತು. ನಲ್ಲಿಯ ಮೂತಿಗೆ ಸುಣ್ಣ ಕಟ್ಟುತ್ತದೆ. ಬೇಳೆ ಬೇಯುವುದಿಲ್ಲ. ಸೋಪು ನೊರೆ ಬರುವುದಿಲ್ಲ. ಕುಡಿಯುವುದಕ್ಕಂತೂ ಊರಿಗೆ ಊರೇ ಕ್ಯಾನ್ ಹಿಡಿದು ಫಿಲ್ಟರ್ ಘಟಕದ ಮುಂದೆ ನಿಲ್ಲುತ್ತದೆ. ನಾನು ಎರಡು ಕ್ಯಾನ್ ಫಿಲ್ಟರ್ ನೀರು ತಂದು ತೊಟ್ಟಿಗೆ ಸುರಿದೆ.

ಹೆಂಡತಿ ಗೀತಾ ಕೇಳಿದಳು: “ಅವರು ಬೋರ್ ನೀರೇ ಅಂದಿದ್ರಲ್ವಾ?”

“ಸಂಕೋಚಕ್ಕೆ ಹಾಗಂದಿರ್ತಾರೆ ಬಿಡು.”

“ನಿಮ್ಮ ಗಪ್ಪಿಗೆ ಯಾವತ್ತು ಫಿಲ್ಟರ್ ನೀರು ಹಾಕಿದ್ರಿ?”

“ಅವು ನಮ್ಮವು. ಇವು ಅವರು ನಂಬಿ ಕೊಟ್ಟವು.”

ನೋಡಿ, ನನ್ನ ತಪ್ಪೆಲ್ಲ ಈ ಎರಡು ಉತ್ತರಗಳಲ್ಲಿದೆ. ಪಕ್ಕದ ತೊಟ್ಟಿಯಲ್ಲಿ ನನ್ನ ಗಪ್ಪಿಗಳು ಅದೇ ಸುಣ್ಣದ ನೀರಿನಲ್ಲಿ ಬಾಲ ಬೀಸಿಕೊಂಡು ಓಡಾಡುತ್ತಿದ್ದವು. ಸಾಕ್ಷಿ ಒಂದಡಿ ದೂರದಲ್ಲಿತ್ತು. ನಾನು ನೋಡಲಿಲ್ಲ.

ಸೋಮವಾರ ಅವರ ಆಪರೇಷನ್ ಆಯಿತು. ಅದೇ ಮಧ್ಯಾಹ್ನ ಒಂದು ಗಂಡು ಮೀನು ಇದ್ದಲ್ಲೇ ನಿಂತು ನಡುಗತೊಡಗಿತು. ಈಜುವ ಹಾಗೆ ಮೈ ಆಡಿಸುತ್ತದೆ, ಮುಂದೆ ಹೋಗುವುದಿಲ್ಲ. ಮಂಗಳವಾರ ಐದು ಮೀನು ಹಾಗೆ ಮಾಡಿದವು. ನೀರು ಕೆಟ್ಟಿರಬೇಕು ಎಂದುಕೊಂಡೆ. ಅರ್ಧ ತೆಗೆದು ಹೊಸ ನೀರು ಹಾಕಿದೆ. ಯಾವ ನೀರು? ಮತ್ತೊಂದು ಕ್ಯಾನ್.

ಬುಧವಾರ ಬೆಳಿಗ್ಗೆ ಮೂರು ಸತ್ತಿದ್ದವು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಬುಧವಾರ ಬೆಳಿಗ್ಗೆ ಒಂಬತ್ತು ಬದುಕಿದ್ದವು. ಫೋನ್ ನನ್ನ ಕೈಯಲ್ಲೇ ಇತ್ತು. ನಂಬರ್ ತೆಗೆದೆ. ಒತ್ತಲಿಲ್ಲ. ಆಪರೇಷನ್ ಆಗಿ ಎರಡು ದಿನ, ಪೇಷೆಂಟ್‌ಗೆ ಟೆನ್ಷನ್ ಕೊಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಬೈಸಿಕೊಳ್ಳುವ ಭಯವನ್ನು ಕಾಳಜಿ ಎಂದು ಕರೆಯುವುದು ಎಷ್ಟು ಸುಲಭ ಅಲ್ಲವೇ?

ಗುರುವಾರ ಸಂಜೆಯ ಹೊತ್ತಿಗೆ ಇನ್ನೂ ಏಳು ಹೋದವು. ಉಳಿದವು ಎರಡು. ಎರಡೂ ಹೆಣ್ಣು, ತಳದಲ್ಲಿ ಒಂದರ ಪಕ್ಕ ಒಂದು ಕೂತು ನಡುಗುತ್ತಿದ್ದವು. ಆಗ ಫೋನ್ ಮಾಡಿದೆ. ಸತ್ತ ಹತ್ತರ ಲೆಕ್ಕವನ್ನೂ ಬಿಡದೆ ಹೇಳಿದೆ.

ರತ್ನಮ್ಮ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಯಾವ ನೀರಾಕಿದ್ರಿ ಸಾರ್?”

“ಫಿಲ್ಟರ್ ನೀರು.”

“ಮಾಲಿಗೆ ಗಟ್ಟಿ ನೀರೇ ಬೇಕು ಸಾರ್. ಬಿಂದಿಗೇಲಿ ಬಿಳಿ ಕಟ್ತದಲ್ಲಾ, ಅದೇ ಅವಕ್ಕೆ ಜೀವ. ಫಿಲ್ಟರ್ ಮಿಷನ್ನು ಅದನ್ನೆಲ್ಲಾ ತೆಗೆದಾಕ್ತದೆ. ನಾನೇಳಿದ್ನಲ್ಲ ನಿಮಗೆ.”

“ಹೇಳಿದ್ರಿ. ನಿನ್ನೆಯೇ ಫೋನ್ ಮಾಡಬೇಕಿತ್ತು. ನಿಮಗೆ ಟೆನ್ಷನ್ ಆಗಬಾರದು ಅಂತ...”

“ಆಪರೇಸನ್ ಆಗಿರೋದು ಕಣ್ಣಿಗೆ ಸಾರ್, ಕಿವಿಗಲ್ಲ.”

ಒಳಗಿನಿಂದ ಅವರ ತಂಗಿ “ಯಾರಕ್ಕಾ ಅದು, ಅಳ್ತಾ ಅವ್ರಾ?” ಎಂದು ಕೇಳಿದ್ದು ಕೇಳಿಸಿತು. (ಅಳುತ್ತಿರಲಿಲ್ಲ.)

“ಈಗ ಒಂದೇ ಸಲ ಬೋರ್ ನೀರು ಸುರೀಬೇಡಿ, ಇರೋವೂ ಓಗ್ತವೆ. ಒಂದು ಲೋಟ ತೆಗೀರಿ, ಒಂದು ಲೋಟ ಆಕಿ. ಕಾಲು ಗಂಟೆ ಬಿಟ್ಟು ಇನ್ನೊಂದು. ಚಿಟಿಕೆ ಕಲ್ಲುಪ್ಪು ಕರಗಿಸಿ ಬಿಡಿ. ಅವಸರ ಮಾಡ್ಬೇಡಿ.”

“ಗಂಡು ಒಂದೂ ಉಳಿದಿಲ್ಲ ರತ್ನಮ್ಮ. ಎರಡು ಉಳಿದ್ರೂ ಬಾರ್ಡರ್ ಮುಗಿದ ಹಾಗೆ ಅಲ್ವಾ?”

“ಗಂಡು ಓದ್ರೆ ಓಗ್ಲಿ ಬಿಡಿ. ಒಂದು ಸಲ ಕೂಡಿದ್ರೆ ಅದನ್ನ ಒಟ್ಟೇಲಿ ಎತ್ತಿಟ್ಕೊಂಡಿರ್ತವೆ ಎಣ್ಣು. ಗಂಡಿಲ್ದೇನೇ ಮೂರ್ನಾಲ್ಕು ಸಲ ಮರಿ ಆಕ್ತವೆ. ನೀವು ಮೊದಲು ಲೋಟ ತಗೊಳ್ಳಿ.”

ಲೋಟ ತೆಗೆದುಕೊಂಡೆ. ಆ ಸಂಜೆ ಮತ್ತು ಮಾರನೆಯ ಇಡೀ ದಿನ ಒಂದು ಲೋಟ ತೆಗೆದೆ, ಒಂದು ಲೋಟ ಹಾಕಿದೆ. ನಾನು ಎದ್ದಾಗ ಗೀತಾ ಕೂತಳು. ಶುಕ್ರವಾರ ಮಧ್ಯಾಹ್ನ ಒಂದು ಮೀನಿನ ನಡುಕ ನಿಂತಿತು. ಶನಿವಾರ ಇನ್ನೊಂದು ಮೇಲಕ್ಕೆ ಬಂದು, ನಾನು ಹಾಕಿದ ಕಾಳನ್ನು ಬಾಯಿಗೆ ಹಾಕಿಕೊಂಡಿತು.

ಅದಾಗಿ ಒಂಬತ್ತನೇ ದಿನ ದೊಡ್ಡ ಹೊಟ್ಟೆಯ ಹೆಣ್ಣು ಮರಿ ಹಾಕಿತು. ಅದನ್ನು ಮೊದಲೇ ಅಕ್ಕಿ ತೊಳೆಯುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಿಟ್ಟು ತೊಟ್ಟಿಗೆ ನೇತು ಹಾಕಿದ್ದೆ. ಮರಿಗಳು ತೂತಿನಿಂದ ಕೆಳಗೆ ಜಾರುತ್ತವೆ, ತಾಯಿಯ ಬಾಯಿಗೆ ಸಿಗುವುದಿಲ್ಲ. ಎರಡು ಸಲ ಎಣಿಸಿದೆ. ಇಪ್ಪತ್ತಮೂರು.

ಈ ನಡುವೆ ಯೋಚಿಸಲು ನನಗೆ ಬೇಕಾದಷ್ಟು ಸಮಯ ಸಿಕ್ಕಿತು. ನಮ್ಮ ಕಡೆ ‘ಬೇಡ’ ಎಂಬ ಮಾತಿಗೆ ಬೆಲೆಯೇ ಇಲ್ಲ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ, ಕೈ ಸರಿಸಿ ಅನ್ನ ಬಡಿಸುತ್ತೇವೆ. ಎದುರಿನವರು ತಮಗೇನು ಬೇಕೆಂದು ಬಿಡಿಸಿ ಹೇಳಿದರೂ, ಪಾಪ, ಸಂಕೋಚ ಎಂದು ನಾವೇ ತೀರ್ಮಾನಿಸಿ ನಮಗೆ ಪ್ರಿಯವಾದದ್ದನ್ನು ಅವರಿಗೆ ತುರುಕುತ್ತೇವೆ. ಅದಕ್ಕೆ ಆದರ ಎಂದು ಹೆಸರು. ಹೊಟ್ಟೆ ಕೆಟ್ಟ ನೆಂಟ ಊರಿಗೆ ಹೋಗಿ ಸುಧಾರಿಸಿಕೊಳ್ಳುತ್ತಾನೆ, ನಮಗೆ ಗೊತ್ತಾಗುವುದಿಲ್ಲ. ಮೀನು ಎದುರಿಗೇ ಸತ್ತಿತು, ಗೊತ್ತಾಯಿತು.

ಇನ್ನು ಮೇಲೆ ಬೇಡ ಅಂದವರಿಗೆ ಬೇಡ ಎಂದು ನಿಶ್ಚಯಿಸಿದೆ.

ಮೊನ್ನೆ ರತ್ನಮ್ಮ ಬಂದರು. ಕಣ್ಣು ಚೆನ್ನಾಗಿದೆ, ಬಗ್ಗುವುದಕ್ಕೆ ಡಾಕ್ಟರು ಒಪ್ಪಿದ್ದಾರೆ. ಕಾಫಿ ಕುಡೀತೀರಾ ಎಂದೆ. “ಬೇಡ ಸಾರ್” ಎಂದರು. ಸರಿ ಎಂದು ಕೂತೆ. ಐದು ನಿಮಿಷ ಕಳೆಯಿತು. ರತ್ನಮ್ಮ ಅಡುಗೆಮನೆಯ ಕಡೆ ನೋಡಿ ಗೀತಾಗೆ ಕೂಗಿದರು: “ಏನಮ್ಮಾ ಇದು, ಬೇಡ ಅಂದ್ರೆ ನಿಜವಾಗ್ಲೂ ಕೊಡಲ್ವಾ ನಿಮ್ಮೆಜಮಾನ್ರು?”

ನನ್ನ ಸಿದ್ಧಾಂತಕ್ಕೆ ಆಯಸ್ಸು ಅಷ್ಟೇ.

ಕಾಫಿ ಕುಡಿದು ಅವರು ತೊಟ್ಟಿಯ ಮುಂದೆ ಕೂತರು. ತುಂಬ ಹೊತ್ತು ನೋಡಿದರು. ಮರಿಗಳು ಇನ್ನೂ ಬೆರಳ ಉಗುರಿನಷ್ಟು. ಬಾರ್ಡರ್ ಕಾಣಬೇಕಾದರೆ ಇನ್ನೆರಡು ತಿಂಗಳಾದರೂ ಬೇಕು. ಬರುತ್ತದೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಬಲೆಯಲ್ಲಿ ಒಂದೊಂದಾಗಿ ಎತ್ತಿ ತಾವು ತಂದ ಡಬ್ಬಿಗೆ ಬಿಡತೊಡಗಿದರು. ಎರಡು ಹೆಣ್ಣುಗಳು, ಹನ್ನೆರಡು ಮರಿ. ಅಲ್ಲಿಗೆ ನಿಲ್ಲಿಸಿ ಮುಚ್ಚಳ ಹಾಕಿದರು.

“ಇನ್ನೂ ಹನ್ನೊಂದಿವೆ” ಎಂದೆ.

“ಅವು ನಿಮಗೆ. ಎಲ್ಲಾನೂ ಒಂದೇ ಕಡೆ ಇಡಬಾರದು ಸಾರ್, ಅದು ನನ್ನ ತಪ್ಪು. ಒಂದು ಕಡೆ ಓದ್ರೆ ಇನ್ನೊಂದು ಕಡೆ ಇರಬೇಕು.”

“ನನ್ನ ಹತ್ತಿರಾನಾ? ಹತ್ತು ಕೊಂದವನ ಹತ್ತಿರ?”

“ಇನ್ಯಾರಿಗ್ ಕೊಡ್ಲಿ? ಬೇರೆಯೋರಿಗೆ ಕೊಟ್ರೆ ಅವ್ರೂ ಫಿಲ್ಟರ್ ನೀರಾಕ್ತಾರೆ. ಇನ್ನೊಂದು ಸಲ ಈ ತಪ್ಪು ಮಾಡ್ದೇ ಇರೋರು ಈ ಬಂಗಾರಪೇಟೇಲಿ ನೀವೊಬ್ರೇ.”

ಕೆಲಸ ಸರಿಯಾಗಿ ಮಾಡಿದಾಗ ಯಾರೂ ನನ್ನನ್ನು ಇಷ್ಟು ನಂಬಿದ್ದು ನೆನಪಿಲ್ಲ.