ಕಸದ ಡಬ್ಬಿಯಿಂದ ಎದ್ದು ಬಂದ ಬೆಲ್ಲದ ಪತ್ರ

ಕೊರೊನಾ ಕಾಲ ಕಳೆದು ಎರಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ನಾನು ನನ್ನ ತಂಗಿಗೆ ಮಾಡಿದ ತಪ್ಪು, ಅದಕ್ಕಿಂತ ಹೆಚ್ಚಾಗಿ ಆ ತಪ್ಪನ್ನು ಅವಳಿಂದ ಮುಚ್ಚಿಟ್ಟದ್ದು, ಇವತ್ತಿಗೂ ಊಟಕ್ಕೆ ಕೂತಾಗ ನೆನಪಾಗುತ್ತದೆ. ಅದಾದ ಮೇಲೆ ನಡೆದದ್ದನ್ನು ನೆನೆದರೆ ಮಾತ್ರ ಈಗಲೂ ಮೈ ಜುಮ್ಮೆನ್ನುತ್ತದೆ.

ನಾನು ಓದಿದ್ದು ಆರನೇ ಕ್ಲಾಸು. ಮದುವೆಯಾಗಿ ಮಳವಳ್ಳಿ ಸೇರಿದೆ. ತಂಗಿ ಪವಿತ್ರ ಮಂಡ್ಯದಲ್ಲಿ ಬಿ.ಕಾಂ. ಮುಗಿಸಿದಳು. ಅಪ್ಪ ತೀರಿಕೊಂಡ ಮೇಲೆ ಆತಗೂರಿನ ಹತ್ತಿರವಿರುವ ನಮ್ಮ ಆಲೆಮನೆಯನ್ನು ತಾನೇ ನಡೆಸತೊಡಗಿದಳು. ಬೆಲ್ಲಕ್ಕೆ ಹಳದಿ ಬಣ್ಣ ಬರಲೆಂದು ಪಾಕಕ್ಕೆ ಹಾಕುವ ಹೈಡ್ರೋಸ್ ಪುಡಿಯನ್ನು ಅವಳು ಮುಟ್ಟುತ್ತಿರಲಿಲ್ಲ. ಬೆಂಡೆ ಗಿಡದ ಲೋಳೆ ಹಾಕಿಯೇ ಕೊಳೆ ತೆಗೆಯುತ್ತಿದ್ದಳು. ಬೆಲ್ಲ ಕಪ್ಪಗೆ ಬರುತ್ತಿತ್ತು. ಮಂಡ್ಯದ ವರ್ತಕರು, "ಏನವ್ವ, ಇದ್ಲು ತಂದಿದ್ದೀಯಾ?" ಎಂದು ನಗುತ್ತಿದ್ದರು.

ಹಾಗಾಗಿ ಅವಳು ನೇರವಾಗಿ ಮನೆಗಳಿಗೇ ಮಾರುತ್ತಿದ್ದಳು. ಆಲೆಮನೆ ನೋಡಲು ಬಂದವರು, ಮೇಳಗಳಲ್ಲಿ ರುಚಿ ನೋಡಿದವರು, "ಹೊಸ ಬೆಲ್ಲ ಆದಾಗ ತಿಳಿಸಮ್ಮ" ಎಂದು ಇಮೇಲ್ ವಿಳಾಸ ಕೊಟ್ಟು ಹೋಗುತ್ತಿದ್ದರು. ಬೆಲ್ಲ ಆದಾಗಲೆಲ್ಲ ಪವಿತ್ರ ಅವರಿಗೆ ಒಂದು ಪತ್ರ ಬರೆಯುತ್ತಿದ್ದಳು. ಕಬ್ಬು ಯಾವ ಗದ್ದೆಯದು, ಈ ಸಲ ರುಚಿಯಲ್ಲಿ ಯಾಕೆ ಸ್ವಲ್ಪ ಉಪ್ಪಿದೆ, ಮಳೆ ಬಂದು ಎಷ್ಟು ದಿನ ಒಲೆ ಹಚ್ಚಲಾಗಲಿಲ್ಲ, ಎಲ್ಲ ಬರೆಯುತ್ತಿದ್ದಳು. ಮನೆಯವರ ಹತ್ತಿರ ಮಾತಾಡಿದಂತೆ ಇರುತ್ತಿತ್ತು. ಕಳಿಸಿದ ಎರಡು ಮೂರು ದಿನದಲ್ಲಿ ಬೆಲ್ಲ ಖಾಲಿಯಾಗುತ್ತಿತ್ತು.

ನಾನು ಬಸ್ಸಿನಲ್ಲಿ ಹೋಗಿ ಬಂದು ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದೆ. ಪವಿತ್ರ ನನಗೆ ಕಂಪ್ಯೂಟರಿನಲ್ಲಿ ಪತ್ರ ಕಳಿಸುವುದನ್ನೂ ಕಲಿಸಿದಳು. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೆ. ಮಳವಳ್ಳಿಯ ನಮ್ಮ ಬೀದಿಯಲ್ಲಿ, "ನಾನು ಕಂಪ್ಯೂಟರ್ ಕೆಲಸಕ್ಕೆ ಹೋಗ್ತೀನಿ" ಎಂದು ಹೇಳಿಕೊಳ್ಳುವಾಗ ಆಗುತ್ತಿದ್ದ ಸಂತೋಷ ನನಗೇ ಗೊತ್ತು.

ಆ ಬೇಸಿಗೆಯಲ್ಲಿ ಅಮ್ಮನಿಗೆ ಸೊಂಟದ ಆಪರೇಷನ್ ಆಯಿತು. ಪವಿತ್ರ ಮಂಡ್ಯದ ಆಸ್ಪತ್ರೆಯಲ್ಲಿ ಉಳಿದಳು. "ಪತ್ರ ಬರ್ದು ಮಡಗಿವ್ನಿ ಕಣಕ್ಕ. ನೀನು ಬರೀ ಕಳ್ಸು, ಸಾಕು" ಎಂದಳು.

ಅದೇ ವಾರ ಬೆಲ್ಲದ ಲೇಬಲ್ ತರಲು ಮದ್ದೂರಿನ ಒಂದು ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ನಮ್ಮ ವ್ಯಾಪಾರ ವಿಚಾರಿಸಿ, ಒಂದು ಪೆನ್ ಡ್ರೈವ್ ತೋರಿಸಿದ. "ಅಕ್ಕೋ, ಬೆಂಗ್ಳೂರು, ಮೈಸೂರು, ಎಲ್ಲಾ ಕಡೇರ ಇಮೇಲೂ ಇದ್ರೊಳ್ಗೆ ಅವೆ. ಒಂದೆರಡು ಅಚ್ಚು ಬೆಲ್ಲ ಕೊಟ್ಬುಡು, ತಗೊಂಡೋಗು" ಎಂದ.

ನನಗೆ ಅದು ತಪ್ಪು ಅನ್ನಿಸಲೇ ಇಲ್ಲ. ನಮ್ಮ ಕಡೆ ಶುಭಕಾರ್ಯಕ್ಕೆ ಅರಿಶಿನ ಕುಂಕುಮ ಕೊಟ್ಟು ಕರೆಯಲು ಹೊರಟರೆ ಬೀದಿಯಲ್ಲಿ ಒಂದು ಮನೆಯನ್ನೂ ಬಿಡುವಂತಿಲ್ಲ. ಬಿಟ್ಟ ಮನೆಯವರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಒಂದು ಸಲ ಕರೆದರೂ ಸಾಲದು, ಹಿಂದಿನ ದಿನ ಮತ್ತೆ ಹೋಗಿ ಜ್ಞಾಪಿಸಬೇಕು. ನಾನು ಹಾಗೆಯೇ ಮಾಡಿದೆ. ಆ ಪೆನ್ ಡ್ರೈವಿನ ಸಾವಿರಾರು ವಿಳಾಸಗಳನ್ನು ನಮ್ಮವರ ಜೊತೆ ಸೇರಿಸಿ ಪತ್ರ ಕಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಕಳಿಸಿದೆ. ಆಮೇಲೆ ಇನ್ನೊಮ್ಮೆ.

ಆರ್ಡರ್ ಬದಲು ಬೈಗುಳ ಬಂದವು. "ಯಾರು ನೀವು? ನನ್ನ ವಿಳಾಸ ಯಾರು ಕೊಟ್ಟರು?" ಎಂದು ಕೆಲವರು ಬರೆದಿದ್ದರು. ಪವಿತ್ರ ನೋಡಿಯಾಳೆಂದು ಹೆದರಿ ಅವನ್ನೆಲ್ಲ ಅಳಿಸಿಹಾಕಿದೆ.

ಅವಳು ವಾಪಸ್ ಬಂದಾಗ ಕೋಣೆಯ ತುಂಬ ಬೆಲ್ಲ. ಹಳೆಯ ಗಿರಾಕಿಗಳೂ ಕೇಳಿರಲಿಲ್ಲ. ಅವಳು ತಾನೇ ಇನ್ನೊಂದು ಪತ್ರ ಕಳಿಸಿದಳು. ಅದಕ್ಕೂ ಉತ್ತರವಿಲ್ಲ.

"ನಾನಿಲ್ದಾಗ ಏನಾದ್ರೂ ಯಡವಟ್ಟಾಯ್ತೇನಕ್ಕ?"

"ನನ್ಗೇನೇ ಗೊತ್ತು? ನೀನೇಳ್ದಂಗೇ ಕಳ್ಸಿವ್ನಿ" ಎಂದೆ.

ಸುಳ್ಳು ಹೇಳಿದೆ. ನಿಜ ಹೇಳಿದರೆ ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ ಎಂಬ ಭಯ. ವಾರಗಳು ಕಳೆದವು. ಪುಡಿ ಹಾಕದ ಬೆಲ್ಲ ಮಳೆಗಾಲದ ಥಂಡಿಗೆ ಬೇಗ ನೀರೊಡೆಯುತ್ತದೆ. ಮುಂಗಾರು ಹತ್ತಿರ ಬರುತ್ತಿತ್ತು. ಪವಿತ್ರ ದಿನಾ ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು, "ರುಚಿ ಕೆಟ್ಟದೇನಕ್ಕ? ನಿಜ ಏಳು" ಎನ್ನುತ್ತಿದ್ದಳು. ನಾನು ಮುಖ ತಿರುಗಿಸಿಕೊಂಡು ಡಬ್ಬಕ್ಕೆ ಟೇಪು ಸುತ್ತುತ್ತಿದ್ದೆ.

ಒಂದು ಬೆಳಿಗ್ಗೆ ಆಲೆಮನೆಯ ಫೋನಿಗೆ ಧಾರವಾಡದಿಂದ ಒಬ್ಬ ನಿವೃತ್ತ ಟೀಚರಮ್ಮ ಫೋನ್ ಮಾಡಿದರು. ನಮ್ಮ ಹಳೆಯ ಗಿರಾಕಿ. "ಈ ಸಲ ಬೆಲ್ಲ ಮಾಡೇ ಇಲ್ಲೇನ್ರೀ ಅಂತ ಕೇಳಾಕ ಹೊಂಟಿದ್ದೆ. ಇವತ್ತ ಸ್ಪ್ಯಾಮ್ ಡಬ್ಬಿ ತಗದ ನೋಡಿದ್ರ, ಅದರಾಗ ಬಿದ್ದಾವ ನೋಡ್ರಿ ನಿಮ್ಮ ಪತ್ರ, ಲಾಟರಿ ಮಂದಿ ನಡುವ! ನಿಮ್ಮ ಹೆಸರಿಗೆ ಯಾರ ಮಸಿ ಬಳದಾರವಾ?"

ನಾನು ಅಳಿಸಿದ ಬೈಗುಳಗಳು ನೆನಪಾದವು. ಮಸಿ ಬಳಿದವಳು ನಾನೇ ಎಂದು ಆಗ ಗೊತ್ತಾಯಿತು. ಫೋನ್ ಇಟ್ಟು ಆಲೆಮನೆಯೊಳಗೆ ಹೋದೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಪವಿತ್ರಳ ಕೈಯಲ್ಲಿ ಹೈಡ್ರೋಸ್ ಪೊಟ್ಟಣ ಇತ್ತು. ಕಣ್ಣಲ್ಲಿ ನೀರು; ಅಳುತ್ತಿದ್ದಳೋ ಹೊಗೆಯೋ ತಿಳಿಯಲಿಲ್ಲ.

"ಮಂಡ್ಯದ ವರ್ತಕ್ರಿಗೇ ಆಕ್ಬುಡ್ತೀನಿ ಕಣಕ್ಕ. ನನ್ ಬೆಲ್ಲ ಯಾರ್ಗೂ ಬ್ಯಾಡ" ಎಂದಳು.

"ಬುಡೇ ಅದ್ನ! ಬೆಲ್ಲದ ತಪ್ಪಲ್ಲ ಕಣೇ, ನಂದು" ಎಂದು ಅವಳ ಕೈ ಹಿಡಿದೆ. ಪೆನ್ ಡ್ರೈವು, ಬೈಗುಳ, ಅಳಿಸಿದ್ದು, ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಅವಳು ಪೊಟ್ಟಣವನ್ನು ಮಡಿಚಿ ಪಕ್ಕಕ್ಕಿಟ್ಟಳು.

"ಮದ್ವೆಗೆ ಕರ್ದಂಗೆ ಕಂಡೋರ್ನೆಲ್ಲಾ ಕರ್ದಿದ್ದೀಯಲ್ಲ" ಎಂದಳು. "ಗೊತ್ತಿಲ್ದೋರ್ಗೆ ಪತ್ರ ಹೋದ್ರೆ ಅವ್ರು ಇದು ಕಸ ಅಂತ ಗುಂಡಿ ಒತ್ತುತಾರೆ. ಸುಮಾರು ಜನ ಒತ್ತಿದ್ರೆ, ಈ ಮನೆಯಿಂದ ಬರೋದೆಲ್ಲಾ ಕಸ ಅಂತ ಆ ಇಮೇಲ್ ಯಂತ್ರ ಗುರ್ತು ಮಡಿಕತದೆ. ಆಮೇಲೆ ಬೇಕು ಅಂದೋರ್ಗೂ ಕಸದ ಡಬ್ಬಿಗೇ ಓಯ್ತದೆ." ಪಾಕ ಕಲಕುತ್ತಾ, "ತಪ್ಪು ಯಾರ್ ಮಾಡಲ್ಲ? ಏಳ್ಬೇಕಿತ್ತು ಕಣಕ್ಕ. ನನ್ ನಾಲ್ಗೆ ಮ್ಯಾಲೇ ನಂಗೆ ನಂಬ್ಕೆ ಓಗಿತ್ತು" ಎಂದಳು. ಆ ಮಾತು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿಲ್ಲ.

ತಾವಾಗಿ ಪತ್ರ ಕೇಳದೆ ಇದ್ದವರ ವಿಳಾಸಗಳನ್ನೆಲ್ಲ ಅವಳು ತೆಗೆದಳು. ಪತ್ರ ನಮ್ಮ ಮನೆಯಿಂದಲೇ ಬಂದದ್ದು ಎಂದು ಯಂತ್ರಕ್ಕೆ ತಿಳಿಯುವ ಗುರುತನ್ನು ಯಾರನ್ನೋ ಕೇಳಿಕೊಂಡು ಸರಿಮಾಡಿದಳು. ಪತ್ರದ ತಲೆಯಲ್ಲೇ, "ಬೇಡವಾದರೆ ಇಲ್ಲಿ ಒತ್ತಿ, ಮತ್ತೆ ಬರೆಯುವುದಿಲ್ಲ" ಎಂದು ಹಾಕಿದಳು. ಬಾಗಿಲಿಗೆ ಬಂದವರಿಗೆ ಹೋಗುವ ದಾರಿ ತೋರಿಸುತ್ತಾರಾ ಎಂದು ನನಗೆ ಕಸಿವಿಸಿಯಾಯಿತು. "ಓಗೋರು ನಗ್ತಾ ಓಗ್ಲಿ ಬುಡಕ್ಕ, ಮಸಿ ಬಳ್ದು ಓಗೋದ್ಕಿಂತ" ಎಂದಳು.

ಆಮೇಲೆ ತುಂಬ ಹಳೆಯ ಗಿರಾಕಿಗಳಿಗೆ ಮಾತ್ರ ಫೋನ್ ಮಾಡಿ, ನಡೆದದ್ದು ಹೇಳಿ, ನಮ್ಮ ಪತ್ರವನ್ನು ಕಸದ ಡಬ್ಬಿಯಿಂದ ಎತ್ತಿ, ಇದು ಕಸವಲ್ಲ ಎಂದು ಒತ್ತಿ, ಆಗುವುದಾದರೆ ಒಂದು ಸಾಲು ಉತ್ತರ ಬರೆಯಿರಿ ಎಂದು ಬೇಡಿಕೊಂಡಳು. ಬೆಲ್ಲ ಮಾರುವವರ ಮಾತಿಗೆ ಇಷ್ಟು ತೊಂದರೆ ಯಾರು ತೆಗೆದುಕೊಳ್ಳುತ್ತಾರೆ ಎಂದುಕೊಂಡೆ.

ಮಾರನೆಯ ದಿನ ನಾವಿಬ್ಬರೂ ಕಂಪ್ಯೂಟರ್ ತೆರೆದೆವು. ಉತ್ತರಗಳು ಒಂದರ ಕೆಳಗೊಂದು ಕೂತಿದ್ದವು. ಮಳವಳ್ಳಿ ಕಡೆಯ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು, "ನಿಮ್ಮ ಪತ್ರ ಓದಿದರೆ ಆಲೆಮನೆ ಹೊಗೆ ಮೂಗಿಗೆ ಬಡಿಯುತ್ತೆ, ನಿಲ್ಲಿಸಬೇಡಿ" ಎಂದು ಬರೆದಿದ್ದರು. ಒಬ್ಬ ತಾಯಿ ನಮ್ಮ ಪತ್ರಗಳನ್ನು ಮಗುವಿಗೆ ಕಥೆಯ ಹಾಗೆ ಓದಿ ಹೇಳುತ್ತಿದ್ದರಂತೆ. ಧಾರವಾಡದ ಟೀಚರಮ್ಮ ನಮ್ಮ ಬೆಲ್ಲ ಕೊಳ್ಳುವ ಗೆಳತಿಯರ ಮನೆಗೆಲ್ಲ ಹೋಗಿ, ಅವರ ಫೋನುಗಳಲ್ಲಿ ತಾವೇ ಹುಡುಕಿ ನಮ್ಮ ಪತ್ರ ಎತ್ತಿದ್ದರು. ನಮಗೆ ಮುಖವೂ ನೆನಪಿರದ ಎಷ್ಟೋ ಜನ ನಮಗಾಗಿ ಕಸದ ಡಬ್ಬಿಗೆ ಕೈ ಹಾಕಿದ್ದರು. ನಾನು ಪರದೆಗೆ ಕೈ ಮುಗಿದೆ.

ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೊದಲು ಕೆಲವರಿಗೆ, ಆಮೇಲೆ ಇನ್ನಷ್ಟು ಜನರಿಗೆ, ಹೀಗೆ ನಿಧಾನವಾಗಿ ಪತ್ರ ಮತ್ತೆ ತಲುಪತೊಡಗಿತು. ಅಷ್ಟರಲ್ಲಿ ಮಳೆ ಹಿಡಿದು ಕೋಣೆಯ ಅರ್ಧದಷ್ಟು ಬೆಲ್ಲ ನೀರೊಡೆದು, ದನಗಳ ಪಾಲಾಯಿತು. ಅದು ನನ್ನಿಂದ ಆದ ನಷ್ಟ. ಪವಿತ್ರ ಒಂದು ದಿನವೂ ಅದನ್ನು ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮುಂದಿನ ಸಲ ಬೆಲ್ಲ ಆದಾಗ ಅವಳು ಪತ್ರ ಬರೆದು ಮುಗಿಸಿ ಕುರ್ಚಿಯಿಂದ ಎದ್ದಳು. "ಬಾರಕ್ಕ, ನೀನೇ ಕಳ್ಸು" ಎಂದಳು. ನಾನು ಹಿಂದೆ ಸರಿದೆ. "ಕೈ ನಡುಗ್ತದೆ ಕಣೇ" ಎಂದೆ.

"ನಡುಗ್ಲಿ ಬುಡು. ನಡುಗೋ ಕೈ, ಪತ್ರ ಯಾರ್ಗೆ ಓಗ್ತದೆ ಅಂತ ನೋಡ್ಕಂಡು ಒತ್ತುತದೆ" ಎಂದು ಹೇಳಿ ಒಲೆಯ ಕಡೆ ಹೋದಳು. ನನ್ನ ಹಿಂದೆ ನಿಂತು ನೋಡಲೂ ಇಲ್ಲ.